ದನಿ ಇದೆ, ಚಿತ್ರವಿಲ್ಲ: ಪ್ಯಾನೆಲ್ ಹೋಯಿತೆಂದು ಒಪ್ಪಿಕೊಳ್ಳುವ ಮುನ್ನ ಒಮ್ಮೆ ಟಾರ್ಚ್ ಹಿಡಿದು ನೋಡಿ

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಐದು ವರ್ಷದ ಹಿಂದೆ ಕೊಂಡ 32 ಇಂಚಿನ ಎಲ್‌ಇಡಿ ಟಿವಿ, ಆನ್ ಮಾಡಿದರೆ ದನಿ ಸರಿಯಾಗಿಯೇ ಬರುತ್ತದೆ, ರಿಮೋಟ್ ಒತ್ತಿದರೆ ಚಾನೆಲ್ ಬದಲಾಗುತ್ತದೆ, ಆದರೆ ಪರದೆ ಮಾತ್ರ ಕಪ್ಪು. ನೋಡಲು ಬಂದವರು ಹಿಂಬದಿಯ ಮುಚ್ಚಳವನ್ನೂ ಬಿಚ್ಚದೆ ‘ಪ್ಯಾನೆಲ್ ಹೋಗಿದೆ, ಹೊಸ ಟಿವಿ ತಗೊಳ್ಳಿ’ ಎಂದು ಹೇಳಿ ಹೋಗಿದ್ದಾರೆ. ಅದು ನಿಜವೇ ಎಂಬುದು ನಿಮ್ಮ ಸಂದೇಹ. ನಾನು ಸಾಗರದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷ ದಾಟಿದೆ. ಪಿಕ್ಚರ್ ಟ್ಯೂಬಿನ ಸೆಟ್‌ಗಳಿಂದ ಕೆಲಸ ಶುರು ಮಾಡಿದವನು. ದನಿಯಿದ್ದು ಚಿತ್ರವಿಲ್ಲ ಎಂದು ನನ್ನ ಮೇಜಿಗೆ ಬಂದ ಸೆಟ್‌ಗಳ ಪೈಕಿ ಹೆಚ್ಚಿನವುಗಳಲ್ಲಿ ಕೆಟ್ಟಿದ್ದು ಪ್ಯಾನೆಲ್ ಅಲ್ಲ, ಅದರ ಹಿಂದಿನ ದೀಪ. ನಿಮ್ಮದೂ ಹಾಗೆಯೇ ಇರಬೇಕೆಂದೇನೂ ಇಲ್ಲ. ಆದರೆ ಅದನ್ನು ತಿಳಿಯಲು ಸ್ಕ್ರೂ ಬಿಚ್ಚಬೇಕಾಗಿಲ್ಲ.

‘ಎಲ್‌ಇಡಿ ಟಿವಿ’ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುವಂಥದ್ದು. ಅದು ಎಲ್‌ಸಿಡಿ ಟಿವಿಯೇ. ಮೊದಲಿನ ಎಲ್‌ಸಿಡಿ ಸೆಟ್‌ಗಳಲ್ಲಿ ಬೆಳಕಿಗಾಗಿ ಪೆನ್ಸಿಲಿಗಿಂತ ಸಪೂರವಾದ ಟ್ಯೂಬ್‌ಲೈಟುಗಳಿದ್ದವು, ಈಗ ಆ ಜಾಗದಲ್ಲಿ ಎಲ್‌ಇಡಿ ಪಟ್ಟಿಗಳಿವೆ, ವ್ಯತ್ಯಾಸ ಅಷ್ಟೇ. ಮುಂದಿನ ಗಾಜಿನ ಪ್ಯಾನೆಲ್ ತಾನಾಗಿ ಬೆಳಗುವುದಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದಷ್ಟೇ ಅದರ ಕೆಲಸ. ದನಿ ಮದರ್‌ಬೋರ್ಡಿನಿಂದ ನೇರವಾಗಿ ಸ್ಪೀಕರಿಗೆ ಹೋಗುತ್ತದೆ. ಚಿತ್ರದ ಸಿಗ್ನಲ್ ಅದೇ ಬೋರ್ಡಿನಿಂದ ಹೊರಟು, ಒಂದು ಚಪ್ಪಟೆ ಕೇಬಲಿನ ಮೂಲಕ ಟಿ-ಕಾನ್ ಎಂಬ ಚಿಕ್ಕ ಬೋರ್ಡಿಗೆ, ಅಲ್ಲಿಂದ ಪ್ಯಾನೆಲ್ಲಿಗೆ ತಲುಪುತ್ತದೆ. ದೀಪದ ಕರೆಂಟಿನ ದಾರಿ ಇವೆರಡಕ್ಕೂ ಸಂಬಂಧವಿಲ್ಲದಂತೆ ಬೇರೆಯೇ ಇದೆ. ಆದ್ದರಿಂದ ದೀಪ ಆರಿದರೂ ದನಿ ನಿಲ್ಲುವುದಿಲ್ಲ, ಅಷ್ಟೇ ಏಕೆ, ಚಿತ್ರವೂ ನಿಂತಿರುವುದಿಲ್ಲ. ಕತ್ತಲೆಯಲ್ಲಿ ಅದು ನಮಗೆ ಕಾಣುವುದಿಲ್ಲ.

ಮೊದಲು ಸುಲಭದ ಸಂಗತಿಗಳನ್ನು ಮುಗಿಸಿಬಿಡಿ. ಟಿವಿಯದೇ ರಿಮೋಟಿನಲ್ಲಿ ಮೆನು ಅಥವಾ ಹೋಮ್ ಗುಂಡಿಯನ್ನು ಒತ್ತಿ. ಪರದೆಯ ಮೇಲೆ ಮೆನು ಕಾಣಿಸಿದರೆ ನಿಮ್ಮ ಟಿವಿಗೆ ಏನೂ ಆಗಿಲ್ಲ. ತೊಂದರೆ ಸೆಟ್‌ಟಾಪ್ ಬಾಕ್ಸಿನಲ್ಲೋ ವೈರಿನಲ್ಲೋ ಇದೆ. ಹಳೆಯ ಬಾಕ್ಸುಗಳಿಗೆ ಹಳದಿ, ಬಿಳಿ, ಕೆಂಪು ಪಿನ್ನುಗಳ ಮೂರು ವೈರು ಇರುತ್ತದೆಯಲ್ಲ, ಅದರಲ್ಲಿ ಹಳದಿ ಚಿತ್ರದ್ದು, ಉಳಿದೆರಡು ದನಿಯವು. ಕಸ ಗುಡಿಸುವಾಗ ಹಳದಿ ಪಿನ್ನು ಜಾರಿದ್ದಕ್ಕೆ ಟಿವಿಯನ್ನೇ ಹೊತ್ತು ತಂದವರನ್ನು ನಾನು ನೋಡಿದ್ದೇನೆ. ಎಚ್‌ಡಿಎಂಐ ಕೇಬಲಿನಲ್ಲಿ ದನಿ, ಚಿತ್ರ ಎರಡೂ ಒಟ್ಟಿಗೆ ಬರುವುದರಿಂದ ಒಂದು ಬಂದು ಇನ್ನೊಂದು ಬಾರದಿರುವುದು ಅಪರೂಪ. ಹಾಗಾದರೂ ಮೆನು ಕಾಣಲೇಬೇಕು. ಇನ್ನೊಂದು ಮಾತು: ಸೋನಿ, ಎಲ್‌ಜಿಯಂಥ ಕೆಲವು ಕಂಪನಿಗಳ ಸೆಟ್‌ಗಳಲ್ಲಿ ಹಾಡು ಕೇಳುವವರಿಗೆಂದು ಪರದೆಯನ್ನಷ್ಟೇ ಆರಿಸುವ ಸೌಲಭ್ಯವನ್ನು ವಿದ್ಯುತ್ ಉಳಿತಾಯದ ಸೆಟ್ಟಿಂಗಿನಲ್ಲಿ ಕೊಟ್ಟಿರುತ್ತಾರೆ. ಮಕ್ಕಳ ಕೈಯಲ್ಲಿ ಅದು ಒತ್ತಿಹೋಗಿದ್ದರೆ, ವಾಲ್ಯೂಮ್ ಬಿಟ್ಟು ಬೇರೆ ಗುಂಡಿಗಳನ್ನು ಒತ್ತಿದಾಗ ಚಿತ್ರ ಮರಳುತ್ತದೆ. ಕೊನೆಯದಾಗಿ, ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ರಿಮೋಟಿನಲ್ಲಿ ಆರಿಸುವುದು ಇದಕ್ಕೆ ಸಮನಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಟಾರ್ಚ್. ರಾತ್ರಿಯಾಗಲಿ, ಕೋಣೆಯ ದೀಪವನ್ನೆಲ್ಲ ಆರಿಸಿ, ಟಿವಿ ಹಾಕಿ ದನಿ ಬರುವುದನ್ನು ಖಚಿತಪಡಿಸಿಕೊಳ್ಳಿ. ವಾರ್ತೆಯ ಚಾನೆಲ್ ಇದ್ದರೆ ಒಳ್ಳೆಯದು, ಏಕೆಂದರೆ ಕೆಳಗಡೆ ಅಕ್ಷರಗಳ ಪಟ್ಟಿ ಸದಾ ಓಡುತ್ತಿರುತ್ತದೆ. ಮೊಬೈಲಿನ ಟಾರ್ಚನ್ನು ಪರದೆಗೆ ಒಂದೆರಡು ಇಂಚು ಹತ್ತಿರದಲ್ಲಿ, ನೇರವಾಗಿ ಅಲ್ಲ, ಓರೆಯಾಗಿ ಹಿಡಿದು, ಬೆಳಕು ಬಿದ್ದ ಜಾಗದ ಅಂಚನ್ನು ಬಗ್ಗಿ ನೋಡಿ. ಕಳೆದ ಮಳೆಗಾಲದಲ್ಲಿ ಒಬ್ಬ ಅಡಿಕೆ ಬೆಳೆಗಾರರ ಮನೆಗೆ ಹೋಗಿದ್ದೆ. ಅವರಿಗೂ ಯಾರೋ ಪ್ಯಾನೆಲ್ ಹೋಗಿದೆ ಎಂದಿದ್ದರು. ಮನೆಯ ಯಜಮಾನರು ಆಗಲೇ ಹೊಸ ಟಿವಿಯ ಕಂತಿನ ಲೆಕ್ಕ ಹಾಕಿ ಕುಳಿತಿದ್ದರು. ಟಾರ್ಚನ್ನು ಓರೆಯಾಗಿ ಹಿಡಿದ ಕೂಡಲೇ ಕಪ್ಪು ಗಾಜಿನ ಒಳಗೆ, ಹೊಗೆ ಹಿಡಿದ ಹಳೆಯ ಫೋಟೋದ ಹಾಗೆ, ವಾರ್ತೆ ಓದುವವಳ ಭುಜ ಕಾಣಿಸಿತು. ಟಾರ್ಚ್ ಕೆಳಗಿಳಿಸಿದೆ: ಅಕ್ಷರಗಳು ಬಲದಿಂದ ಎಡಕ್ಕೆ ಹರಿಯುತ್ತಿದ್ದವು. ಯಜಮಾನರು ಕನ್ನಡಕ ಹಾಕಿಕೊಂಡು ಬಂದು, ‘ಓಹೋ, ಅಡಿಕೆ ಧಾರಣೆ ಬರ್ತಾ ಇದೆ’ ಎಂದರು.

ಹಾಗೆ ಚಿತ್ರ ಮಸುಕಾಗಿಯಾದರೂ ಕಂಡರೆ ಪ್ಯಾನೆಲ್, ಟಿ-ಕಾನ್, ಮದರ್‌ಬೋರ್ಡ್ ಮೂರೂ ಕೆಲಸ ಮಾಡುತ್ತಿವೆ, ದೀಪ ಮಾತ್ರ ಉರಿಯುತ್ತಿಲ್ಲ ಎಂದು ನಿಶ್ಚಯಿಸಬಹುದು. ಇದಕ್ಕೆ ಬದಲು, ಕತ್ತಲೆಯಲ್ಲಿ ಪರದೆ ಬೂದು ಬಣ್ಣಕ್ಕೆ ಅಥವಾ ಬೆಳ್ಳಗೆ ಹೊಳೆಯುತ್ತಿದ್ದು ಚಿತ್ರದ ಸುಳಿವೇ ಇಲ್ಲದಿದ್ದರೆ ದೀಪ ಸರಿಯಿದೆ, ಸಿಗ್ನಲ್ ದಾರಿಯಲ್ಲಿ ತೊಡಕಿದೆ: ಚಪ್ಪಟೆ ಕೇಬಲ್ ಸಡಿಲವಾಗಿರಬಹುದು, ಟಿ-ಕಾನ್ ಬೋರ್ಡಿನ ಮೇಲಿನ ಸಾಸಿವೆಯಷ್ಟು ಗಾತ್ರದ ಫ್ಯೂಸ್ ಹೋಗಿರಬಹುದು, ಇಲ್ಲವೇ ಪ್ಯಾನೆಲ್ಲೇ ಕೆಟ್ಟಿರಬಹುದು. ಹೊಳಪೂ ಇಲ್ಲ, ಟಾರ್ಚಿಗೆ ಚಿತ್ರವೂ ಇಲ್ಲ ಎಂದಾದರೆ ಮುಚ್ಚಳ ತೆಗೆದು ಮೀಟರ್ ಹಿಡಿಯದೆ ಯಾರೂ ಏನನ್ನೂ ಹೇಳಲಾರರು. ಈ ಪರೀಕ್ಷೆ ಓಎಲ್‌ಇಡಿ ಸೆಟ್‌ಗಳಿಗೆ ಅನ್ವಯಿಸುವುದಿಲ್ಲ. ಅವುಗಳಲ್ಲಿ ಪ್ರತಿಯೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಹಿಂದೆ ದೀಪ ಎಂಬುದೇ ಇರುವುದಿಲ್ಲ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಹಿಂದಿನಿಂದ ಇಣುಕಿ ಟ್ಯೂಬಿನ ಕತ್ತಿನಲ್ಲಿ ಕಿತ್ತಳೆ ಬಣ್ಣದ ಹೀಟರ್ ಉರಿಯುತ್ತಿದೆಯೇ ಎಂದು ನೋಡಿದರೆ ಅರ್ಧ ರೋಗ ತಿಳಿಯುತ್ತಿತ್ತು. ಈಗ ಆ ಕೆಲಸವನ್ನು ಟಾರ್ಚ್ ಮಾಡುತ್ತಿದೆ.

ಆನ್ ಮಾಡಿದ ಮೊದಲ ಕ್ಷಣವನ್ನೂ ಗಮನಿಸಿ. ಪರದೆ ಒಮ್ಮೆ ಮಿಂಚಿ, ಒಂದೆರಡು ಸೆಕೆಂಡಿನಲ್ಲೇ ಆರಿಹೋದರೆ ಅದು ದೀಪದ ದೋಷಕ್ಕೆ ಇನ್ನೊಂದು ಬಲವಾದ ಸಾಕ್ಷಿ. 32 ಇಂಚಿನ ಸೆಟ್ಟಿನಲ್ಲಿ ಸಾಮಾನ್ಯವಾಗಿ ಎರಡೋ ಮೂರೋ ಪಟ್ಟಿಗಳಿದ್ದು, ಅವುಗಳ ಮೇಲಿನ ಎಲ್‌ಇಡಿಗಳನ್ನು ಹೂಮಾಲೆಯಂತೆ ಒಂದರ ಹಿಂದೊಂದು ಪೋಣಿಸಿರುತ್ತಾರೆ. ಒಂದೊಂದಕ್ಕೆ 3 ವೋಲ್ಟಿನ ಲೆಕ್ಕದಲ್ಲಿ, ಏಳೇಳರ ಮೂರು ಪಟ್ಟಿಯಾದರೆ 63 ವೋಲ್ಟ್ ಬೇಕು. ಕೆಲವು ಪಟ್ಟಿಗಳ ಎಲ್‌ಇಡಿಗಳು 6 ವೋಲ್ಟಿನವು. ಮಾಲೆಯಲ್ಲಿ ಒಂದು ಸುಟ್ಟು ತುಂಡಾದರೂ ಕರೆಂಟು ಹರಿಯದೆ ಮಾಲೆಯೇ ಆರುತ್ತದೆ. ಪಟ್ಟಿಗಳಿಗೆ ಕರೆಂಟು ಕೊಡುವ ಡ್ರೈವರ್ ಸರ್ಕ್ಯೂಟ್ ಕರೆಂಟನ್ನು ದಾಟಿಸಲು ವೋಲ್ಟೇಜನ್ನು ಏರಿಸಿ ಏರಿಸಿ ನೋಡಿ, ಮಿತಿ ದಾಟಿದೊಡನೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಸುಟ್ಟ ಎಲ್‌ಇಡಿಯನ್ನು ಗುರುತಿಸುವುದು ಕಷ್ಟವಲ್ಲ: ಹಳದಿ ಚೌಕದ ನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಇರುತ್ತದೆ, ಸುತ್ತಲಿನ ಬಿಳಿ ಲೇಪ ಕಂದಿರುತ್ತದೆ.

ಇಲ್ಲಿಂದ ಮುಂದಿನದು ನಿಮ್ಮ ಕೆಲಸವಲ್ಲ. ಆದರೂ ರಿಪೇರಿಯವರು ಏನು ಮಾಡುತ್ತಾರೆಂದು ತಿಳಿದಿರಲಿ. ಮುಚ್ಚಳವನ್ನು ನೀವೇ ತೆಗೆಯಬೇಡಿ ಎನ್ನುವುದಕ್ಕೆ ಕಾರಣ, ಪವರ್ ಸಪ್ಲೈ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರಬಹುದು. ಮುಚ್ಚಳ ತೆಗೆದವರು ಮೊದಲು ದೀಪದ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡಬೇಕು. ಆನ್ ಮಾಡಿದಾಗ ಅದು ಜಿಗಿದು ಬಿದ್ದರೆ ಪಟ್ಟಿ ಕೆಟ್ಟಿದೆ. ಏರುವುದೇ ಇಲ್ಲವಾದರೆ ಡ್ರೈವರನ್ನೋ, ‘ದೀಪ ಹಚ್ಚು’ ಎಂದು ಮದರ್‌ಬೋರ್ಡಿನಿಂದ ಬರಬೇಕಾದ ಸಿಗ್ನಲನ್ನೋ ಹುಡುಕಬೇಕು. ಎಲ್‌ಇಡಿ ಟೆಸ್ಟರ್ ಎಂಬ ಚಿಕ್ಕ ಪೆಟ್ಟಿಗೆ ಇದ್ದವರು ಅದರ ಎರಡು ಕಡ್ಡಿಗಳನ್ನು ಅದೇ ಕನೆಕ್ಟರಿಗೆ ತಾಗಿಸಿ, ಪ್ಯಾನೆಲ್ ಬಿಚ್ಚುವ ಮೊದಲೇ ಉತ್ತರ ಕಂಡುಕೊಳ್ಳುತ್ತಾರೆ. ನಮ್ಮ ಕಡೆ ಈ ಬೋರ್ಡುಗಳ ಮೇಲೆ ಹಲ್ಲಿ ಸತ್ತು ಬಿದ್ದಿರುವುದೂ ಹೊಸದೇನಲ್ಲ. ಮಳೆಗಾಲದಲ್ಲಿ ಟಿವಿಯ ಬೆನ್ನಿನ ಬೆಚ್ಚಗಿನ ಜಾಗವನ್ನು ಅವು ಹುಡುಕಿಕೊಂಡು ಬರುತ್ತವೆ.

ಪಟ್ಟಿ ಬದಲಿಸುವುದರಲ್ಲಿ ಕಷ್ಟವಿರುವುದು ಬೆಸುಗೆಯಲ್ಲಲ್ಲ, ಪ್ಯಾನೆಲನ್ನು ಎತ್ತಿಡುವುದರಲ್ಲಿ. ಅದು ಎರಡು ಮಿಲಿಮೀಟರಿಗಿಂತ ತೆಳುವಾದ ಗಾಜು. ಅಂಚಿನಿಂದ ಚಿಪ್ಪು ಹೊತ್ತ ತೆಳ್ಳನೆಯ ರಿಬ್ಬನ್ನುಗಳು ಇಳಿಬಿದ್ದಿರುತ್ತವೆ, ಅವುಗಳಲ್ಲಿ ಒಂದು ಹರಿದರೆ ಪರದೆಯ ಅಷ್ಟು ಭಾಗ ಸತ್ತ ಹಾಗೆಯೇ. ಶುರುವಿನ ದಿನಗಳಲ್ಲಿ ಸಹಾಯಕ್ಕೆ ಯಾರೂ ಇಲ್ಲದಾಗ ಒಬ್ಬನೇ 40 ಇಂಚಿನ ಪ್ಯಾನೆಲ್ ಎತ್ತಲು ಹೋಗಿ, ಮೂಲೆ ಒಂದಿಷ್ಟು ಬಳುಕಿ, ‘ಟಿಕ್’ ಎಂಬ ಸದ್ದು ಬಂತು. ಕಣ್ಣಿಗೆ ಬಿರುಕು ಕಾಣಲಿಲ್ಲ. ಜೋಡಿಸಿ ಹಚ್ಚಿದಾಗ ಮಾತ್ರ ಮೂಲೆಯಿಂದ ಕಪ್ಪು ಮಸಿ ಹರಡಿಕೊಂಡಿತು. ಆ ಗ್ರಾಹಕರಿಗೆ ನನ್ನ ದುಡ್ಡಿನಲ್ಲೇ ಬೇರೆ ಸೆಟ್ ಕೊಡಿಸಿದೆ. ಆಮೇಲಿಂದ ಇಬ್ಬರಿಲ್ಲದೆ ಪ್ಯಾನೆಲ್ ಮುಟ್ಟುವುದಿಲ್ಲ. ನೀವು ಕೊಡುವ ಕೂಲಿಯ ಬಹುಪಾಲು ಈ ಜೋಪಾನಕ್ಕೇ ಸಲ್ಲುತ್ತದೆ, ಆದ್ದರಿಂದ ಕೂಲಿಯಲ್ಲಿ ಹೆಚ್ಚು ಚೌಕಾಸಿ ಮಾಡಬೇಡಿ. ಬದಲಿಗೆ, ಪ್ಯಾನೆಲ್ ಒಡೆದರೆ ಹೊಣೆ ಯಾರದು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ಸುಟ್ಟ ಒಂದು ಎಲ್‌ಇಡಿಯನ್ನಷ್ಟೇ ಬದಲಿಸಿಕೊಡುತ್ತೇನೆ, ಅಗ್ಗವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಉಳಿದವೂ ಅಷ್ಟೇ ವರ್ಷ, ಅಷ್ಟೇ ಶಾಖದಲ್ಲಿ ಉರಿದಿರುವುದರಿಂದ ಕೆಲವೇ ತಿಂಗಳಲ್ಲಿ ಇನ್ನೊಂದು ಹೋಗುತ್ತದೆ, ಮತ್ತೆ ಪ್ಯಾನೆಲ್ ಎತ್ತಬೇಕಾಗುತ್ತದೆ. ಹೊಸ ಎಲ್‌ಇಡಿ ಇದ್ದ ಜಾಗ ಬೇರೆ ಕಡೆಗಿಂತ ಬೆಳ್ಳಗೆ ಕಾಣುವುದೂ ಉಂಟು. ಕೆಲವರು ಸುಟ್ಟದ್ದರ ಎರಡೂ ತುದಿಗಳನ್ನು ನೇರವಾಗಿ ಕೂಡಿಸಿ, ಅಂದರೆ ಶಾರ್ಟ್ ಮಾಡಿ, ಉಳಿದವನ್ನು ಉರಿಸುತ್ತಾರೆ. ಅದು ರಿಪೇರಿಯೇ ಅಲ್ಲ. ಪಟ್ಟಿಗಳ ಪೂರ್ತಿ ಸೆಟ್ಟನ್ನೇ ಬದಲಿಸಲು ಹೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ 32 ಇಂಚಿನ ಪಟ್ಟಿಗಳು ಸುಲಭವಾಗಿ ದೊರೆಯುತ್ತವೆ, ಆನ್‌ಲೈನಿನಲ್ಲೂ ಇವೆ. ಪಟ್ಟಿಯ ಬೆಲೆ ಹೊಸ ಟಿವಿಯ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ಪ್ಯಾನೆಲಿನ ಬೆಲೆಯಾದರೆ ಹೊಸ ಟಿವಿಯ ಹತ್ತಿರಕ್ಕೇ ಹೋಗುತ್ತದೆ.

ಹಾಗಾಗಿಯೇ, ಪ್ಯಾನೆಲ್ ನಿಜವಾಗಿಯೂ ಹೋಗಿದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ ಎಂದು ನಾನೂ ಹೇಳುತ್ತೇನೆ. ಮೇಲಿನಿಂದ ಕೆಳಗೆ ಬಣ್ಣದ ಗೆರೆಗಳು, ಅರ್ಧ ಪರದೆ ಮಾತ್ರ ಚಿತ್ರ, ಮಸಿ ಚೆಲ್ಲಿದಂಥ ಕಲೆ, ಇವು ಪ್ಯಾನೆಲಿನ ಲಕ್ಷಣಗಳು. ಗೆರೆಗಳು ಕೆಲವೊಮ್ಮೆ ಟಿ-ಕಾನ್ ಅಥವಾ ಕೇಬಲಿನಿಂದಲೂ ಬರುವುದುಂಟು, ಅದನ್ನೊಮ್ಮೆ ತೆಗೆದು ಸ್ವಚ್ಛ ಮಾಡಿ ಹಾಕಿಸಿ ನೋಡುವುದರಲ್ಲಿ ನಷ್ಟವಿಲ್ಲ. ನೀವು ವಿವರಿಸಿದ ಪೂರ್ತಿ ಕಪ್ಪು ಪರದೆಗೆ ಇವಾವುವೂ ಹೊಂದುವುದಿಲ್ಲ.

ರಿಪೇರಿ ಆಗಿ ಮನೆಗೆ ಬಂದ ಮೇಲೆ ಚಿತ್ರದ ಸೆಟ್ಟಿಂಗಿನಲ್ಲಿ ‘ವಿವಿಡ್’ ಅಥವಾ ‘ಡೈನಾಮಿಕ್’ ಇದ್ದರೆ ಅದನ್ನು ತೆಗೆದು ಬೇರೆ ಮೋಡ್ ಇಡಿ. ಅಂಗಡಿಯ ಝಗಮಗದಲ್ಲಿ ಎದ್ದು ಕಾಣಲೆಂದು ಮಾಡಿದ ಆ ಮೋಡಿನಲ್ಲಿ ದೀಪ ನೂರಕ್ಕೆ ನೂರು ಉರಿಯುತ್ತದೆ. ಶಾಖವೇ ಎಲ್‌ಇಡಿಯ ಶತ್ರು. ‘ಬ್ಯಾಕ್‌ಲೈಟ್’ ಎಂಬ ಅಂಕಿಯನ್ನು ಅರವತ್ತರ ಆಸುಪಾಸಿಗೆ ಇಳಿಸಿ. ಹೆಚ್ಚಿನ ಸೆಟ್‌ಗಳಲ್ಲಿ ‘ಬ್ರೈಟ್‌ನೆಸ್’ ಎಂಬುದು ಬೇರೆಯೇ ಅಂಕಿ. ಅದು ಚಿತ್ರದ ಕಪ್ಪು ಭಾಗವನ್ನು ತಿದ್ದುತ್ತದೆಯೇ ಹೊರತು ದೀಪವನ್ನು ಮುಟ್ಟುವುದಿಲ್ಲ. ಎರಡು ದಿನ ಮಬ್ಬೆನಿಸುತ್ತದೆ, ಆಮೇಲೆ ಕಣ್ಣು ಒಗ್ಗಿಕೊಳ್ಳುತ್ತದೆ.

ಪಟ್ಟಿ ತರಿಸುವಾಗ ಟಿವಿಯ ಮಾಡೆಲ್ ನಂಬರನ್ನಷ್ಟೇ ನಂಬಬೇಡಿ. ಒಂದೇ ಮಾಡೆಲ್ ಬೇರೆ ಬೇರೆ ಪ್ಯಾನೆಲ್ ಹೊತ್ತು ಬಂದಿರುತ್ತದೆ. ಹಳೆಯ ಪಟ್ಟಿಯ ಮೇಲೆ ಅಚ್ಚಾಗಿರುವ ನಂಬರ್, ಉದ್ದ, ಎಲ್‌ಇಡಿಗಳ ಸಂಖ್ಯೆ, 3 ವೋಲ್ಟಿನದೋ 6 ವೋಲ್ಟಿನದೋ ಎಂಬುದು, ಈ ನಾಲ್ಕೂ ತಾಳೆಯಾಗಬೇಕು. ಸಾಧ್ಯವಾದರೆ ಜೋಡಿಸುವಾಗ ಎದುರಿಗೇ ಇದ್ದು, ಪ್ಯಾನೆಲ್ ಕೂರಿಸುವ ಮೊದಲು ಹೊಸ ಪಟ್ಟಿಗಳನ್ನು ಅರ್ಧ ಗಂಟೆ ಉರಿಸಿ ತೋರಿಸಲು ಕೇಳಿ. ಒಂದು ಮಿನುಗಿದರೂ ಬದಲಿಸಲು ಅದೇ ಸಮಯ. ಇವತ್ತು ರಾತ್ರಿ ಟಾರ್ಚ್ ಹಿಡಿದಾಗ ಕಂಡದ್ದನ್ನು ಇಲ್ಲಿ ಬರೆದರೆ, ಮುಂದೇನು ಮಾಡಬೇಕೆಂದು ಹೇಳುತ್ತೇನೆ.