1929ರ ಅಮೆರಿಕನ್ 10 ಡಾಲರ್ ನ್ಯಾಷನಲ್ ಬ್ಯಾಂಕ್ ನೋಟಿಗೆ ಎಷ್ಟು ಬೆಲೆ ಸಿಗಬಹುದು?

ನೋಟು ಎಷ್ಟು ಹಳೆಯದು ಅನ್ನುವುದಕ್ಕಿಂತ ಯಾವ ಬ್ಯಾಂಕಿನದು ಅನ್ನುವುದನ್ನು ಮೊದಲು ನೋಡಿ. 1863ರಿಂದ 1935ರವರೆಗೆ 12 ಸಾವಿರಕ್ಕೂ ಹೆಚ್ಚು ಬ್ಯಾಂಕುಗಳು ಇಂಥ ನೋಟುಗಳನ್ನು ಹೊರತಂದವು. ಪ್ರತಿ ನೋಟಿನ ಮೇಲೂ ಬ್ಯಾಂಕಿನ ಹೆಸರು ಮತ್ತು ಊರು ಇರುತ್ತದೆ. 1929ರ ನೋಟಿನಲ್ಲಿ ಚಾರ್ಟರ್ ನಂಬರ್, ಅಂದರೆ ಆ ಬ್ಯಾಂಕಿಗೆ ಸರ್ಕಾರ ಕೊಟ್ಟ ಸಂಖ್ಯೆ ಕೂಡ ಕಪ್ಪು ಶಾಯಿಯಲ್ಲಿ ಇರುತ್ತದೆ. ಬೆಲೆಯ ಗುಟ್ಟು ಇರುವುದು ಇಲ್ಲೇ.

ನ್ಯೂಯಾರ್ಕ್, ಷಿಕಾಗೊದಂಥ ದೊಡ್ಡ ಊರಿನ ಬ್ಯಾಂಕುಗಳ 1929ರ ನೋಟುಗಳು ಬೇಕಾದಷ್ಟು ಉಳಿದಿವೆ. ಹಾಗಾಗಿ ಮುಖಬೆಲೆಗಿಂತ ಜಾಸ್ತಿ ಸಿಕ್ಕರೂ ದೊಡ್ಡ ಮೊತ್ತವನ್ನು ನಿರೀಕ್ಷಿಸಬೇಡಿ. ಆದರೆ ಒಂದು ಪುಟ್ಟ ಊರಿನ ಬ್ಯಾಂಕಿನದು ಎರಡೋ ಮೂರೋ ನೋಟು ಮಾತ್ರ ಉಳಿದಿದ್ದರೆ? ಆಗ ಸವೆದ ನೋಟಿಗೂ ಸಾವಿರಾರು ಡಾಲರ್ ಕೊಡುವವರಿದ್ದಾರೆ. ತಮ್ಮ ಊರಿನ ಹೆಸರಿರುವ ನೋಟು ಬೇಕು ಅನ್ನುವ ಆಸೆ ಸಂಗ್ರಾಹಕರಿಗೆ ಇರುತ್ತದಲ್ವಾ? ಅಲಾಸ್ಕದಂಥ ಕಡೆಯವು ಸಿಗುವುದೇ ಕಷ್ಟ. ಯಾವ ಬ್ಯಾಂಕಿನ ಎಷ್ಟು ನೋಟು ಉಳಿದಿವೆ ಅನ್ನುವ ಲೆಕ್ಕವನ್ನು ಸಂಗ್ರಾಹಕರು ಇಟ್ಟಿದ್ದಾರೆ. ಚಾರ್ಟರ್ ನಂಬರ್ ಹಿಡಿದು ಅದರಲ್ಲಿ ಹುಡುಕಿ.

ಸೀರಿಯಲ್ ನಂಬರ್ ಪಕ್ಕ ಚಾರ್ಟರ್ ನಂಬರ್ ಕಂದು ಬಣ್ಣದಲ್ಲೂ ಇದ್ದರೆ ಅದು 1929ರ ನೋಟಿನ ಎರಡನೇ ಬಗೆ, ಅಂದರೆ ಟೈಪ್ 2. ಸಾಮಾನ್ಯವಾಗಿ ಇವು ಸಿಗುವುದು ಕಡಿಮೆ.

ನೋಟಿನ ಸ್ಥಿತಿಯೂ ಮುಖ್ಯ. ಪಿಎಂಜಿಯಂಥ ಸಂಸ್ಥೆಗಳು ನೋಟನ್ನು ಪರೀಕ್ಷಿಸಿ ಅದರ ಸ್ಥಿತಿಗೆ 70ರವರೆಗಿನ ಅಂಕ ಕೊಡುತ್ತವೆ. ದಯವಿಟ್ಟು ನೋಟನ್ನು ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ, ಟೇಪ್ ಅಂಟಿಸಬೇಡಿ. ಮಾರಾಟಕ್ಕಿಟ್ಟವರು ಹೇಳುವ ಬೆಲೆಯನ್ನು ನಂಬುವ ಬದಲು, ಅದೇ ಬ್ಯಾಂಕಿನ ನೋಟು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಗಿದೆ ಅಂತ ಹೆರಿಟೇಜ್ ಆಕ್ಷನ್ಸ್ ಎಂಬ ಹರಾಜು ಸಂಸ್ಥೆಯ ಹಳೆಯ ದಾಖಲೆಗಳಲ್ಲಿ ನೋಡಿ.