ತತ್ವವೋ ಹಿತವೋ ಅನ್ನುವ ಮೊದಲು, ಯಾರ ಹಿತ ಅಂತ ಕೇಳಿ

ಪಿಎಚ್‌ಡಿ ಸಂದರ್ಶನ ಇದೆ, ಪ್ರಜಾಪ್ರಭುತ್ವ ದೇಶಗಳು ಸರ್ವಾಧಿಕಾರಿಗಳ ಜೊತೆ ತತ್ವ ನೋಡಿ ನಡೆದುಕೊಳ್ಳುತ್ತವೋ ಸ್ವಂತ ಹಿತ ನೋಡಿಯೋ, ಯಾವ ಕಡೆ ನಿಂತು ಮಾತಾಡಲಿ ಅಂತ ಕೇಳಿದ್ದೀರಿ. ಇದೇ ವಿಷಯ ಹಿಡಿದುಕೊಂಡು ನಾನೂ ಒಂದು ಸಂದರ್ಶನಕ್ಕೆ ಹೋಗಿದ್ದೆ. ಸೀಟು ಸಿಗಲಿಲ್ಲ.

ನಾನು ಕಾರವಾರದವನು. ನಮ್ಮ ಕಡಲಿನ ಅಂಜುದೀವ್ ದ್ವೀಪ 1961ರವರೆಗೂ ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷ ನವೆಂಬರ್‌ನಲ್ಲಿ ಅಲ್ಲಿಂದ ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿತು. ಸ್ವಲ್ಪ ದಿನಕ್ಕೆ ಒಬ್ಬ ಮೀನುಗಾರ ಗುಂಡಿಗೆ ಸತ್ತ. ಡಿಸೆಂಬರ್ 18ಕ್ಕೆ ನಮ್ಮ ನೌಕಾಪಡೆ ದ್ವೀಪಕ್ಕೆ ಇಳಿಯಿತು, 7 ನಾವಿಕರು ಪ್ರಾಣ ಕೊಟ್ಟರು. ಬೈತಖೋಲದ ಹಿರಿಯರ ಬಾಯಲ್ಲಿ ಇದನ್ನು ಕೇಳುತ್ತಲೇ ಬೆಳೆದವನು ನಾನು.

ಅದೇ ದಿನ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ ಸೇರಿ ಭಾರತ ಗೋವಾದಿಂದ ಸೇನೆ ಹಿಂದೆ ತೆಗೆಯಬೇಕು ಅಂತ ನಿರ್ಣಯ ತಂದವು. ಪರ 7, ವಿರುದ್ಧ 4. ಸೋವಿಯತ್ ವೀಟೊ ಹಾಕದಿದ್ದರೆ ಪಾಸಾಗುತ್ತಿತ್ತು. ಆಗ ಪೋರ್ಚುಗಲ್ ಆಳುತ್ತಿದ್ದುದು 1932ರಿಂದ ಕುರ್ಚಿ ಬಿಡದ ಸರ್ವಾಧಿಕಾರಿ ಸಲಜಾರ್. ಅಂಥ ದೇಶ 1949ರಲ್ಲೇ ಪಶ್ಚಿಮ ದೇಶಗಳ ಸೇನಾ ಕೂಟ ನ್ಯಾಟೋದ ಸ್ಥಾಪಕ ಸದಸ್ಯ, ಆ ಒಪ್ಪಂದದ ಮುನ್ನುಡಿಯಲ್ಲಿ ಪ್ರಜಾಪ್ರಭುತ್ವ, ವ್ಯಕ್ತಿ ಸ್ವಾತಂತ್ರ್ಯ ಅಂತೆಲ್ಲ ಬರೆದಿದ್ದರೂ.

ಸಂದರ್ಶನದಲ್ಲಿ ಇಷ್ಟನ್ನೂ ಜೋರಾಗಿ ಹೇಳಿದೆ. ಪಶ್ಚಿಮದವರಿಗೆ ತತ್ವವೇ ಇಲ್ಲ ಅಂದೆ. ಸಂದರ್ಶನ ಮಂಡಳಿಯಲ್ಲಿದ್ದ ಒಬ್ಬ ಮೇಡಂ ಕೇಳಿದರು, 'ಬರ್ಮಾದ ವಿಷಯದಲ್ಲಿ ನಾವೇನು ಮಾಡಿದೆವು?' ನಾನು ತಕ್ಷಣ, 'ಅದು ಬೇರೆ ಮೇಡಂ, ಅಲ್ಲಿ ನಮಗೆ ಗಡಿ ಇದೆ' ಅಂದುಬಿಟ್ಟೆ.

ಈ ಉತ್ತರದಲ್ಲಿ ತಪ್ಪು ಎಲ್ಲಿದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ಸೀಟು ಹೋಗಿದ್ದು ಇಲ್ಲೇ. ಮಾಹಿತಿ ಸರಿಯಾಗಿಯೇ ಇತ್ತು. 1988ರಲ್ಲಿ ಬರ್ಮಾದ, ಅಂದರೆ ಈಗಿನ ಮ್ಯಾನ್ಮಾರ್‌ನ, ಜನ ಸೇನಾಡಳಿತದ ವಿರುದ್ಧ ಬೀದಿಗೆ ಬಂದಾಗ ಭಾರತ ಅವರ ಪರ ನಿಂತಿತು, ಅಲ್ಲಿನ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂ ಕಿಗೆ 1993ರ ನೆಹರು ಪ್ರಶಸ್ತಿಯನ್ನೂ ಕೊಟ್ಟಿತು. ಆಮೇಲೆ ಈಶಾನ್ಯದ ಬಂಡುಕೋರರು ಗಡಿಯಾಚೆ ಅಡಗುತ್ತಿದ್ದರು, ಚೀನಾ ಅಲ್ಲಿ ಕಾಲೂರುತ್ತಿತ್ತು, ಅನಿಲದ ಆಸೆಯೂ ಇತ್ತು. 2004ರಲ್ಲಿ ಅದೇ ಸೇನಾಡಳಿತದ ಮುಖ್ಯಸ್ಥ ಥಾನ್ ಶ್ವೆ ದೆಹಲಿಗೆ ರಾಜ್ಯ ಅತಿಥಿಯಾಗಿ ಬಂದರು. ಗಡಿಯ ಕಾರಣ ಸುಳ್ಳಲ್ಲ. ಆದರೆ ಪೋರ್ಚುಗಲ್ ಪರ ನಿಂತವರಿಗೂ ಅಂಥದೇ ನಿಜವಾದ ಕಾರಣ ಇತ್ತು. ಅವರದನ್ನು ದ್ರೋಹ ಅಂದೆ, ನಮ್ಮದನ್ನು ಅನಿವಾರ್ಯ ಅಂದೆ. ಎರಡಕ್ಕೂ ಒಂದೇ ಅಳತೆ ಹಿಡಿಯಲು ಬಾರದವನಿಗೆ ಸಂಶೋಧನೆಯ ಸೀಟು ಯಾಕೆ ಕೊಡಬೇಕು? ಸಂದರ್ಶನದವರು ಮಾಡಿದ್ದು ಸರಿ ಅಂತಲೇ ನನಗೆ ಈಗಲೂ ಅನಿಸುತ್ತದೆ.

ಇನ್ನು ನಿಮ್ಮ ಪ್ರಶ್ನೆ. ತತ್ವ ಅಥವಾ ಹಿತ ಅಂತ ಎರಡು ಕಡೆ ಮಾಡಿಕೊಂಡಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ದೇಶದ ಹಿತ ಅನ್ನುವುದು ಒಂದೇ ಗಟ್ಟಿ ವಸ್ತು ಅಲ್ಲ. 1961ರ ಅಮೆರಿಕವನ್ನೇ ನೋಡಿ. ಮಾರ್ಚ್‌ನಲ್ಲಿ ಆಫ್ರಿಕಾದಲ್ಲಿದ್ದ ಪೋರ್ಚುಗಲ್ ವಸಾಹತು ಅಂಗೋಲಾದ ವಿಷಯಕ್ಕೆ ಕೆನಡಿ ಸರ್ಕಾರ ಪೋರ್ಚುಗಲ್ ವಿರುದ್ಧ, ಅದೂ ಸೋವಿಯತ್ ಜೊತೆಗೇ, ಮತ ಹಾಕಿತು. ಬ್ರಿಟನ್, ಫ್ರಾನ್ಸ್ ತಟಸ್ಥವಾಗಿದ್ದವು. ಡಿಸೆಂಬರ್‌ನಲ್ಲಿ ಗೋವಾ ಬಂದಾಗ ಅದೇ ಅಮೆರಿಕ ಪೋರ್ಚುಗಲ್ ಕಡೆ. 1963ರ ಜುಲೈನಲ್ಲಿ ಪೋರ್ಚುಗಲ್ ವಸಾಹತುಗಳ ಬಗ್ಗೆ ನಿರ್ಣಯ ಬಂದಾಗ ತಟಸ್ಥ. ಅಷ್ಟರೊಳಗೆ ಸಲಜಾರ್ ಬದಲಾಗಿದ್ದರಾ? ಇಲ್ಲ. ಅಟ್ಲಾಂಟಿಕ್‌ನಲ್ಲಿ ಪೋರ್ಚುಗಲ್‌ಗೆ ಸೇರಿದ ಅಝೋರ್ಸ್ ದ್ವೀಪಗಳಲ್ಲಿ ಅಮೆರಿಕಕ್ಕೆ ವಾಯುನೆಲೆ ಇತ್ತು, ಅದರ ಒಪ್ಪಂದ 1962ರ ಕೊನೆಗೆ ಮುಗಿಯುವುದಿತ್ತು. ಹೊಸದಾಗಿ ಹುಟ್ಟುತ್ತಿದ್ದ ಆಫ್ರಿಕಾದ ದೇಶಗಳ ಸ್ನೇಹ ಬೇಕು ಅನ್ನುವವರು ಒಂದು ಕಡೆ, ವಿಮಾನ ಇಳಿಯಲು ಆ ನೆಲೆ ಬೇಕೇ ಬೇಕು ಅನ್ನುವ ಸೇನಾಧಿಕಾರಿಗಳು ಇನ್ನೊಂದು ಕಡೆ. ಇಬ್ಬರ ಬಾಯಲ್ಲೂ ದೇಶದ ಹಿತವೇ. ಒಳಗೆ ಗೆದ್ದವರು ಬದಲಾದ ಹಾಗೆ ಹೊರಗೆ ಮತ ಬದಲಾಯಿತು.

ನನಗೆ ಮುಖ್ಯ ಅನಿಸುವುದು ಈ ಒಳಗಿನ ಜಗಳ. ಸಲಜಾರ್‌ನ ದೇಶದಲ್ಲಿ ವಸಾಹತು ಬೇಡ ಅಂತ ಬಾಯಿಬಿಟ್ಟು ಹೇಳುವವರಿಗೆ ಜೈಲು. ಪ್ರಜಾಪ್ರಭುತ್ವದಲ್ಲಿ ಸೋತವರು ಸಂಸತ್ತಿನಲ್ಲಿ, ಪತ್ರಿಕೆಯಲ್ಲಿ ಮತ್ತೆ ಎತ್ತಬಹುದು. ಆದ್ದರಿಂದ ಎಲ್ಲರೂ ಸ್ವಾರ್ಥಿಗಳೇ ಬಿಡಿ ಅಂತ ಕೈ ಚೆಲ್ಲುವುದು ನನಗೆ ಸುತಾರಾಂ ಇಷ್ಟವಿಲ್ಲ. ಹಾಗೆ ಅಂದರೆ ಮ್ಯಾನ್ಮಾರ್‌ನಲ್ಲಿ 2021ರ ಸೇನಾ ದಂಗೆಯ ನಂತರ ವಿಶ್ವಸಂಸ್ಥೆಯಲ್ಲಿ ಭಾರತ ತಟಸ್ಥವಾಗಿದ್ದು ಸರಿಯಾ ಅಂತ ನಾವು ಕೇಳುವ ಹಾಗೇ ಇಲ್ಲ ಅಲ್ವಾ? ಕೇಳಬೇಕು. ಕೇಳುವುದು ನಮ್ಮ ಕೆಲಸ.

ನೀವು ಯಾವ ಕಡೆಯೂ ನಿಲ್ಲಬೇಡಿ. ಒಂದು ದೇಶ, ಒಂದೆರಡು ವರ್ಷ ತೆಗೆದುಕೊಂಡು, ಆಗ ಒಳಗೆ ಯಾರು ಏನು ಬಯಸುತ್ತಿದ್ದರು ಅಂತ ಹೇಳಿ. ಅಂಗೋಲಾ, ಅಝೋರ್ಸ್ ಎರಡನ್ನೂ ಚೆನ್ನಾಗಿ ಓದಿಕೊಳ್ಳಿ. ಬರ್ಮಾದ ಮಾತನ್ನು ಅವರು ಕೇಳುವವರೆಗೆ ಕಾಯದೆ ನೀವೇ ಎತ್ತಿ.