ಹಳೇ ಜಾವಾ ಅಪ್ಲಿಕೇಶನ್‌ಗೆ ಯಾವ ಸರ್ವರ್ ತಗೊಳ್ಳೋದು?

ಪ್ರಶ್ನೆ: ಸರ್, ನಮ್ಮ ಅಪ್ಲಿಕೇಶನ್ ಹತ್ತು ವರ್ಷದಿಂದ ವೆಬ್‌ಲಾಜಿಕ್ (ಒರಾಕಲ್‌ನ ಲೈಸೆನ್ಸ್ ಸರ್ವರ್) ಮೇಲೆ ಓಡ್ತಾ ಇದೆ, ಜಾವಾ 8. ಲೈಸೆನ್ಸ್ ಖರ್ಚು ಬೇಡ, ಓಪನ್ ಸೋರ್ಸ್‌ಗೆ ಹೋಗೋಣ ಅಂತ ತೀರ್ಮಾನ ಆಗಿದೆ. ಟೀಮಲ್ಲಿ ಅರ್ಧ ಜನ ಟಾಮ್‌ಕ್ಯಾಟ್ ಅಂತಾರೆ, ಅರ್ಧ ಜನ ವೈಲ್ಡ್‌ಫ್ಲೈ. ಯಾವುದು ಒಳ್ಳೇದು?

ಉತ್ತರ: ಅದನ್ನ ಹೇಳ್ಬೇಕಾಗಿರೋದು ನಿಮ್ಮ ಕೋಡ್. ಮೊದಲು ಕೋಡಲ್ಲಿ ಇಜೆಬಿ (ಟ್ರಾನ್ಸಾಕ್ಷನ್ ಥರದ ಕೆಲಸನ ಸರ್ವರೇ ನೋಡ್ಕೊಳ್ಳೋ ಜಾವಾ ಕ್ಲಾಸ್), ಮೆಸೇಜ್ ಕ್ಯೂ (ಸಂದೇಶಗಳನ್ನ ಸಾಲಲ್ಲಿಟ್ಟು ಕಳಿಸೋ ವ್ಯವಸ್ಥೆ), ಜೆಟಿಎ ಟ್ರಾನ್ಸಾಕ್ಷನ್ (ಹಲವು ಬದಲಾವಣೆಗಳನ್ನ ಒಂದೇ ಕೆಲಸ ಅಂತ ಸರ್ವರ್ ನಡೆಸೋದು) ಎಷ್ಟು ಕಡೆ ಇದೆ, 'ವೆಬ್‌ಲಾಜಿಕ್' ಅಂತಲೇ ಶುರುವಾಗೋ ಇಂಪೋರ್ಟ್‌ಗಳು ಎಷ್ಟಿವೆ ಅಂತ ಸರ್ಚ್ ಹಾಕಿ ಎಣಿಸಿ.

ಬರೀ ಸರ್ವ್ಲೆಟ್ (ವೆಬ್ ರಿಕ್ವೆಸ್ಟ್‌ಗೆ ಉತ್ತರ ಕೊಡೋ ಜಾವಾ ಕ್ಲಾಸ್), ಜೆಎಸ್‌ಪಿ (ಒಳಗೆ ಜಾವಾ ಇರೋ ವೆಬ್ ಪೇಜ್), ಸ್ಪ್ರಿಂಗ್ ಫ್ರೇಮ್‌ವರ್ಕ್ ಇದ್ರೆ ಟಾಮ್‌ಕ್ಯಾಟ್ ಸಾಕು. ಆದ್ರೆ ಅದು ಸರ್ವ್ಲೆಟ್ ಕಂಟೇನರ್ ಅಷ್ಟೇ, ಪೂರ್ತಿ ಅಪ್ಲಿಕೇಶನ್ ಸರ್ವರ್ ಅಲ್ಲ, ಅದರಲ್ಲಿ ಇಜೆಬಿನೂ ಇಲ್ಲ ಟ್ರಾನ್ಸಾಕ್ಷನ್ ಮ್ಯಾನೇಜರೂ ಇಲ್ಲ. ನಾನು ಒಂದ್ಸಲ ಇಲ್ಲೇ ಎಡವಿದ್ದೆ. ಕ್ಲಾಸ್ ಮೇಲೆ ಸ್ಟೇಟ್‌ಲೆಸ್ ಅನೋಟೇಶನ್ (ಇದು ಇಜೆಬಿ ಅಂತ ಹೇಳೋ ಗುರುತು) ಹಾಗೇ ಇತ್ತು, ಜಾರ್ ಫೈಲ್ ಇದ್ದಿದ್ರಿಂದ ಕಂಪೈಲೂ ಆಯ್ತು, ಪೇಜೂ ಬಂತು, ಆದ್ರೆ ಟಾಮ್‌ಕ್ಯಾಟ್‌ಗೆ ಆ ಅನೋಟೇಶನ್ ಲೆಕ್ಕಕ್ಕೇ ಇಲ್ಲ, ಮಧ್ಯೆ ಎರರ್ ಬಂದಾಗ ರೋಲ್‌ಬ್ಯಾಕ್ (ಅಲ್ಲೀತನಕ ಆಗಿದ್ದನ್ನ ವಾಪಸ್ ತೆಗೆಯೋದು) ಆಗ್ಲಿಲ್ಲ, ಆರ್ಡರ್ ಟೇಬಲಲ್ಲಿ ಸಾಲು ಉಳೀತು, ಐಟಂ ಟೇಬಲ್ ಖಾಲಿ. ಲಾಗಲ್ಲಿ ಟ್ರಾನ್ಸಾಕ್ಷನ್ ಬಗ್ಗೆ ಒಂದಕ್ಷರ ಇರ್ಲಿಲ್ಲ, ಹುಡುಕೋಕೆ ಎರಡು ದಿನ ಹಿಡೀತು.

ಇಜೆಬಿ ಜಾಸ್ತಿ ಇದ್ರೆ ವೈಲ್ಡ್‌ಫ್ಲೈ (ಹಳೇ ಜೆಬಾಸ್ ಎಎಸ್ಸೇ ಇದು), ಪಯಾರಾ, ಓಪನ್ ಲಿಬರ್ಟಿ ನೋಡಿ. ಸ್ವಲ್ಪ ಮಾತ್ರ ಇದ್ರೆ ಟಾಮ್‌ಇಇ, ಅಂದ್ರೆ ಟಾಮ್‌ಕ್ಯಾಟ್‌ಗೇ ಇಜೆಬಿ, ಟ್ರಾನ್ಸಾಕ್ಷನ್ ಎಲ್ಲ ಸೇರಿಸಿರೋದು.

ಇನ್ನೊಂದು ವಿಷಯ, ಇದನ್ನ ದಯವಿಟ್ಟು ಟೀಮಿಗೆ ಓದಿ ಹೇಳಿ. ಸರ್ವ್ಲೆಟ್, ಇಜೆಬಿ ಇವೆಲ್ಲ ಇರೋ ಸ್ಟ್ಯಾಂಡರ್ಡ್‌ಗೆ ಮೊದಲು ಜಾವಾ ಇಇ ಅಂತಿದ್ರು, ಈಗ ಜಕಾರ್ತಾ ಇಇ. 2020ರಲ್ಲಿ ಬಂದ ಅದರ 9ನೇ ವರ್ಷನ್‌ನಲ್ಲಿ ಪ್ಯಾಕೇಜ್ ಹೆಸರು 'ಜಾವಾಎಕ್ಸ್' ಇದ್ದಿದ್ದು 'ಜಕಾರ್ತಾ' ಆಯ್ತು. ಟಾಮ್‌ಕ್ಯಾಟ್ 9 ಹಳೇ ಹೆಸರು, 10 ಹೊಸದು. ವೈಲ್ಡ್‌ಫ್ಲೈ 26ರ ತನಕ ಹಳೇದು, 27ರಿಂದ ಹೊಸದು, ಅದಕ್ಕೆ ಜಾವಾ 11 ಆದ್ರೂ ಬೇಕು. ಸರ್ವರ್ ಬದಲಾವಣೆ, ಈ ಹೆಸರಿನ ಬದಲಾವಣೆ ಎರಡನ್ನೂ ಒಟ್ಟಿಗೆ ಮಾಡ್ಬೇಡಿ, ಏನಾದ್ರೂ ಒಡೆದ್ರೆ ಯಾವುದರಿಂದ ಒಡೀತು ಅಂತ ಗೊತ್ತೇ ಆಗಲ್ಲ. ಓಪನ್ ಲಿಬರ್ಟಿ ನನಗೆ ಇಷ್ಟ ಆಗೋದು ಇದಕ್ಕೇ, ಹೊಸ ವರ್ಷನ್ ಹಾಕ್ಕೊಂಡು ಕಾನ್ಫಿಗ್ ಫೈಲಲ್ಲಿ ಹಳೇ 'ಜಾವಾಎಕ್ಸ್' ಹೆಸರಿನ ಇಇ 8 ಫೀಚರನ್ನೇ ಆನ್ ಮಾಡ್ಕೋಬಹುದು, ಕೋಡನ್ನ ಆಮೇಲೆ ನಿಧಾನಕ್ಕೆ ಬದಲಾಯಿಸಿದ್ರಾಯ್ತು.

ಹೆಸರು ಬದಲಾಯಿಸೋ ದಿನ ಕಣ್ಣುಮುಚ್ಕೊಂಡು ಫೈಂಡ್-ರಿಪ್ಲೇಸ್ ಹೊಡೀಬೇಡಿ. 'ಜಾವಾಎಕ್ಸ್ ಎಸ್‌ಕ್ಯೂಎಲ್', 'ಜಾವಾಎಕ್ಸ್ ನೇಮಿಂಗ್' ಇವು ಜಾವಾ ಜೊತೆಗೇ ಬರೋವು, ಅವು ಬದಲಾಗಿಲ್ಲ. ಟಾಮ್‌ಕ್ಯಾಟ್‌ನವರದೇ ಮೈಗ್ರೇಶನ್ ಟೂಲ್ ಇದೆ, ಅದನ್ನ ಬಳಸಿ.

ಎಣಿಸಿದ ಮೇಲೂ ಗೊಂದಲ ಇದ್ರೆ ಆ ಲಿಸ್ಟ್ ಸಮೇತ ಬರೀರಿ, ಕೂತ್ಕೊಂಡು ನೋಡೋಣ.